ಕನ್ನಡಕ ತೆಗೆಯುವಷ್ಟು ಹೊತ್ತು

ಶನಿವಾರ ಸಂಜೆ ಆರೂವರೆಗೆ ದಂತಣ್ಣನ ಮನೆಗೆ ಫೋನು ಮಾಡುವ ಧೈರ್ಯ ಅವನ ಬಳಗದಲ್ಲಿ ಯಾರಿಗೂ ಇರಲಿಲ್ಲ. ಆ ಹೊತ್ತಿಗೆ ಟಿವಿಯಲ್ಲಿ ‘ಸುದ್ದಿ ಸಿಪ್ಪೆ’ ಬರುತ್ತಿತ್ತು. ವಾರವಿಡೀ ನಡೆದ ಸುದ್ದಿಯನ್ನು ಗೇಲಿ ಮಾಡಿ ಹೇಳುವ ಅರ್ಧ ಗಂಟೆಯ ಕಾರ್ಯಕ್ರಮ ಅದು. ನೋಡುವವರು ಊರ ತುಂಬ ಇದ್ದರು. ಆದರೆ ದಂತಣ್ಣ ಬರೀ ನೋಡುವವನಲ್ಲ, ಅದರಲ್ಲಿ ತನಗೂ ಒಂದು ಪಾಲಿದೆ ಎಂದು ನಂಬಿದವನು.

ಆ ನಂಬಿಕೆಗೆ ಕಾರಣ ಹಳೆಯ ನಿರೂಪಕ. ದಪ್ಪ ಕನ್ನಡಕದ ಆ ಮನುಷ್ಯನಿಗೆ ಒಂದು ಚಾಳಿ ಇತ್ತು. ಜೋಕಿನ ಮೊದಲರ್ಧ ಹೇಳಿ, ನಿಧಾನವಾಗಿ ಕನ್ನಡಕ ತೆಗೆದು, ಕೋಟಿನ ಅಂಚಿನಿಂದ ಒರೆಸಿ, ಮತ್ತೆ ಮೂಗಿನ ಮೇಲೆ ಕೂರಿಸಿಕೊಂಡ ಮೇಲೆಯೇ ಉಳಿದರ್ಧ ಹೇಳುತ್ತಿದ್ದ. “ಮಂತ್ರಿಗಳು ನಿನ್ನೆ ಹೊಸ ಸೇತುವೆ ಉದ್ಘಾಟನೆ ಮಾಡಿದರು,” ಎಂದು ಹೇಳಿ ಅವನು ಕನ್ನಡಕಕ್ಕೆ ಕೈ ಹಾಕಿದನೋ ಇಲ್ಲವೋ, ಇಲ್ಲಿ ಕುರ್ಚಿಯ ಮೇಲಿಂದ ದಂತಣ್ಣ, “ಸೇತುವೆ ಮುಂದಿನ ವರ್ಷ ಬರುತ್ತೆ!” ಎಂದುಬಿಡುತ್ತಿದ್ದ. ಕನ್ನಡಕ ಮೂಗಿಗೇರಿದ ಮೇಲೆ ಟಿವಿಯೂ ಹೆಚ್ಚು ಕಡಿಮೆ ಅದನ್ನೇ ಹೇಳುತ್ತಿತ್ತು. ಹತ್ತರಲ್ಲಿ ಎಂಟು ಸಲ ಅವನ ಊಹೆ ತಪ್ಪುತ್ತಿರಲಿಲ್ಲ. ಮಹಡಿಯ ಮೇಲಿನ ಮನೆಯಿಂದ ಇಳಿದು ಬಂದು ಕೂರುತ್ತಿದ್ದ ಅಂಚೆ ಮಾಮ, ಅಂದರೆ ನಿವೃತ್ತ ಅಂಚೆಯವರು, ತೊಡೆ ತಟ್ಟಿಕೊಂಡು “ಭೇಷ್!” ಎನ್ನುತ್ತಿದ್ದರು. ಹೆಂಡತಿಯ ತಮ್ಮ, ಬಸ್ ಕಂಡಕ್ಟರ್, “ಭಾವ, ನೀವು ಆ ಪೆಟ್ಟಿಗೆಯೊಳಗೆ ಇರಬೇಕಾಗಿತ್ತು,” ಎನ್ನುತ್ತಿದ್ದ. ಹೆಂಡತಿ ಮಾತ್ರ ತುಟಿ ಬಿಚ್ಚದೆ ಮುಗುಳ್ನಗುತ್ತಿದ್ದಳು. ಅವಳು ನಗುವುದೇ ಹಾಗೆ ಎಂದು ದಂತಣ್ಣ ತಿಳಿದಿದ್ದ.

ನಗುವಿನ ವಿಷಯದಲ್ಲಿ ತನಗೆ ಗೊತ್ತಿಲ್ಲದ್ದು ಇಲ್ಲ ಎಂಬ ಗರ್ವ ಅವನಿಗೆ ಇತ್ತು, ಇರಬೇಕಾದದ್ದೇ. ಹಲ್ಲಿನ ಡಾಕ್ಟರ ಕ್ಲಿನಿಕ್ಕಿನ ಹಿಂದಿನ ಕೋಣೆಯಲ್ಲಿ ಕೂತು ಇಪ್ಪತ್ತಾರು ವರ್ಷದಿಂದ ಊರವರಿಗೆ ಹಲ್ಲುಸೆಟ್ಟು ಮಾಡಿಕೊಡುತ್ತಿದ್ದವನು ಅವನು. ದಂತಣ್ಣ ಎಂಬ ಹೆಸರು ಬಂದದ್ದೂ ಅದರಿಂದಲೇ. ಸೆಟ್ಟನ್ನು ಗಟ್ಟಿ ಮಾಡುವ ಮೊದಲು ಮೇಣದಲ್ಲಿ ಹಲ್ಲು ಜೋಡಿಸಿ, ಬಾಯಿಗಿಟ್ಟು, ಆ ವ್ಯಕ್ತಿಯನ್ನು ನಗಿಸಿ ನೋಡಬೇಕು. ಸುಮ್ಮನೆ ಹಲ್ಲು ಕಿರಿದರೆ ಆಗದು. ನಿಜವಾಗಿ ನಕ್ಕಾಗ ಮಾತ್ರ ಮೇಲ್ತುಟಿ ಎಲ್ಲಿಯವರೆಗೆ ಏರುತ್ತದೆ, ಎಷ್ಟು ಹಲ್ಲು ಕಾಣುತ್ತದೆ ಎಂಬುದು ಗೊತ್ತಾಗುವುದು. ಅದಕ್ಕೆಂದೇ ಅವನು ಶನಿವಾರದ ಜೋಕನ್ನು ಸೋಮವಾರ ಬಾಯಿ ತೆರೆದು ಕೂತವರಿಗೆ ಹೇಳುತ್ತಿದ್ದ. ಮರ್ಯಾದೆಗೆ ನಕ್ಕರೆ ಮುಂದಿನ ಆರು ಹಲ್ಲು ಕಾಣುತ್ತವೆ, ಮನಸಾರೆ ನಕ್ಕರೆ ದವಡೆ ಹಲ್ಲೂ ಕಾಣುತ್ತದೆ ಎನ್ನುವುದು ಅವನ ಸ್ವಂತ ಸಂಶೋಧನೆ.

ಹೀಗಿರುವಾಗ ಹಳೆಯ ನಿರೂಪಕ ಒಂದು ಶನಿವಾರ ಕನ್ನಡಕ ತೆಗೆದು, ಒರೆಸಿ, ಮತ್ತೆ ಹಾಕಿಕೊಳ್ಳದೆ ಜೇಬಿಗೆ ಸೇರಿಸಿಬಿಟ್ಟ. ಸಾಕು, ಇನ್ನು ಮನೆಯಲ್ಲಿ ಕೂತು ಮೊಮ್ಮಕ್ಕಳಿಂದ ಗೇಲಿ ಮಾಡಿಸಿಕೊಳ್ಳುತ್ತೇನೆ ಎಂದು ಕೈ ಮುಗಿದ. ದಂತಣ್ಣನ ಕಣ್ಣು ತುಂಬಿ ಬಂತು. ಅವನ ಮಾವ ತೀರಿಕೊಂಡಾಗಲೂ ಅಷ್ಟು ತುಂಬಿರಲಿಲ್ಲ ಎಂದು ಹೆಂಡತಿ ಆಮೇಲೆ ತಮ್ಮನ ಹತ್ತಿರ ಹೇಳಿದಳು.

ಮುಂದಿನ ಶನಿವಾರ ಆ ಮೇಜಿನ ಹಿಂದೆ ಒಬ್ಬ ಹುಡುಗಿ ಕೂತಿದ್ದಳು. ಹುಡುಗಿ ಎಂದರೆ ಮೂವತ್ತರ ಆಸುಪಾಸು. ಕನ್ನಡಕ ಇಲ್ಲ, ಕೋಟು ಇಲ್ಲ, ಮುಂದಿನ ಎರಡು ಹಲ್ಲುಗಳ ನಡುವೆ ಢಾಳಾಗಿ ಕಾಣುವ ಒಂದು ಸಂದಿ. ದಂತಣ್ಣನ ಕಣ್ಣು ಮೊದಲು ಹೋದದ್ದೇ ಅಲ್ಲಿಗೆ.

“ಇಷ್ಟು ದೊಡ್ಡ ಚಾನೆಲ್‌ನಲ್ಲಿ ಒಬ್ಬ ಹಲ್ಲಿನ ಡಾಕ್ಟರ್ ಇಲ್ವಾ?” ಎಂದ.

“ಶ್, ಕೇಳೋಣ ಇರಿ,” ಎಂದಳು ಹೆಂಡತಿ.

ಆ ಹುಡುಗಿ ಉಸಿರು ತೆಗೆದುಕೊಂಡಳೋ ಇಲ್ಲವೋ ಎಂಬಂತೆ ಶುರು ಮಾಡಿದಳು: “ನಗರಸಭೆಯವರು ಸಾರ್ವಜನಿಕರಿಗೆ ದೂರು ಪೆಟ್ಟಿಗೆ ಇಟ್ಟಿದ್ದಾರೆ, ಪೆಟ್ಟಿಗೆಗೆ ಬೀಗ ಹಾಕಿದ್ದಾರೆ, ಬೀಗದ ಕೈ ಕಳೆದುಕೊಂಡಿದ್ದಾರೆ, ಕೈ ಕಳೆದಿದೆ ಅಂತ ದೂರು ಬರೆದು ಅದೇ ಪೆಟ್ಟಿಗೆಗೆ ಹಾಕಿದ್ದಾರೆ.”

ದಂತಣ್ಣ ಬಾಯಿ ತೆರೆದವನು ತೆರೆದ ಹಾಗೇ ಕೂತ. ಎಲ್ಲಿ ಬಾಯಿ ಹಾಕುವುದು? ಅವಳು ನಡುವೆ ಒಂದು ಕ್ಷಣವನ್ನೂ ಬಿಟ್ಟಿರಲಿಲ್ಲ. ಅವನು “ಬೀಗದ ಕೈ...” ಎನ್ನುವಷ್ಟರಲ್ಲಿ ಅವಳು ಮುಗಿಸಿ ಮುಂದಿನ ಸುದ್ದಿಗೆ ಹೋಗಿದ್ದಳು. ಆಗ ಪಕ್ಕದಿಂದ ಒಂದು ಸದ್ದು ಬಂತು. ಚಹಾ ಲೋಟ ಕೈಯಲ್ಲಿ ಹಿಡಿದು ಅವನ ಹೆಂಡತಿ ತಲೆ ಹಿಂದಕ್ಕೆ ಹಾಕಿ ನಗುತ್ತಿದ್ದಳು. ಲೋಟ ಅಲುಗಿ ಚಹಾ ಸೆರಗಿನ ಮೇಲೆ ಬಿತ್ತು, ಅದರ ಪರಿವೆಯೂ ಅವಳಿಗಿರಲಿಲ್ಲ. ವಿದ್ಯುತ್ ಕಚೇರಿಯ ದೂರು ಕೌಂಟರಿನಲ್ಲಿ ಹದಿನೆಂಟು ವರ್ಷದಿಂದ ಕೂತು ಊರವರ ಬೈಗುಳ ಕೇಳಿಸಿಕೊಂಡವಳು. ಆ ಜೋಕು ಅವಳ ಮೇಜಿನ ಮೇಲೆಯೇ ಹುಟ್ಟಿದ ಹಾಗಿತ್ತು.

ಅವಳ ತೆರೆದ ಬಾಯಲ್ಲಿ, ಎಡಗಡೆ, ಮೇಲಿನ ಸಾಲಿನ ಹಿಂದೆ, ಬೆಳ್ಳಗೆ ಒಂದು ಹಲ್ಲು ಮಿಂಚಿ ಮರೆಯಾಯಿತು.

ದಂತಣ್ಣ ಕುರ್ಚಿಯಲ್ಲೇ ಮುಂದೆ ಬಾಗಿದ. ಅದು ಅವನೇ ಮಾಡಿದ ಹಲ್ಲು. ಎರಡು ವರ್ಷದ ಹಿಂದೆ ಅವಳ ದವಡೆ ಹಲ್ಲು ಒಡೆದಾಗ ಡಾಕ್ಟರು ಕ್ಯಾಪ್ ಹಾಕಬೇಕೆಂದಿದ್ದರು. ಹಿಂದಿನ ಕೋಣೆಯಲ್ಲಿ ಮೂರು ದಿನ ಕೂತು ಅದನ್ನು ತಿದ್ದಿ ತೀಡಿದವನು ಇವನು, ಮುಂದಿನ ಕೋಣೆಯಲ್ಲಿ ಕೂರಿಸಿದವರು ಡಾಕ್ಟರು. ಅಂದಿನಿಂದ ಇಂದಿನವರೆಗೆ ಆ ಹಲ್ಲು ಅವನ ಕಣ್ಣಿಗೆ ಬಿದ್ದಿರಲಿಲ್ಲ. ಬಿದ್ದಿಲ್ಲ ಎನ್ನುವುದು ಕೂಡ ಅವನಿಗೆ ಈಗಷ್ಟೇ ಹೊಳೆಯಿತು. ಎರಡು ವರ್ಷ ತಾನು ಆಡಿದ ಮಾತಿಗೆ, ಮಾಡಿದ ತಮಾಷೆಗೆ ಹೊರಗೆ ಬಾರದ ಹಲ್ಲು ಯಾವಳೋ ಸಂದಿ ಹಲ್ಲಿನವಳ ಮೊದಲನೇ ಜೋಕಿಗೇ ಹೊರಗೆ ಬಂದಿತ್ತು.

ಹೊಟ್ಟೆಯಲ್ಲಿ ಬೆಂಕಿ ಬಿದ್ದ ಹಾಗಾಯಿತು. ಹೊಟ್ಟೆಕಿಚ್ಚು ಎಂದು ಒಪ್ಪಿಕೊಳ್ಳುವವನು ಅವನಲ್ಲ. “ಏನೋ ಒಂಥರಾ ಇದೆ, ಹಳೆಯವರ ಗತ್ತು ಇಲ್ಲ,” ಎಂದು ಮೂಗು ಮುರಿದ. ಅಂಚೆ ಮಾಮ ಹೌದೆನ್ನಲೋ ಬೇಡವೋ ಎಂದು ಇಬ್ಬರ ಮುಖ ನೋಡಿದರು. ಕಂಡಕ್ಟರನಿಗೆ ಆ ಮುಲಾಜಿಲ್ಲ. “ಭಾವ, ಸೂಪರ್ ಇದಾಳೆ ಬಿಡಿ. ಎಕ್ಸ್‌ಪ್ರೆಸ್ ಗಾಡಿ. ಮಧ್ಯದಲ್ಲಿ ಸ್ಟಾಪೇ ಇಲ್ಲ,” ಎಂದ.

ಮರುದಿನ ಬೆಳಗ್ಗೆ ಕಾರ್ಯಕ್ರಮದ ಮರುಪ್ರಸಾರವಿತ್ತು. ಹೆಂಡತಿ ಸ್ನಾನ ಮುಗಿಸಿ ಹೊರಬಂದಾಗ ಕಂಡ ದೃಶ್ಯ ಹೀಗಿತ್ತು: ಗಂಡ ಟಿವಿಗೆ ಮೂಗು ತಾಗುವಷ್ಟು ಹತ್ತಿರ ಮೊಣಕಾಲೂರಿ ಕೂತಿದ್ದಾನೆ. ಕೈಯಲ್ಲಿ ಹಲ್ಲಿನ ಅಳತೆ ತೆಗೆಯುವ ಕ್ಯಾಲಿಪರ್. ಅದರ ಎರಡು ಮೊನೆ ಆ ಹುಡುಗಿಯ ಮುಂಹಲ್ಲುಗಳ ಮೇಲೆ.

“ಏನ್ರೀ ಇದು? ಟಿವಿಗೂ ಹಲ್ಲು ಕಟ್ತೀರಾ?”

“ಕೆಲಸದ ವಿಷಯ. ನಿನಗೆ ಅರ್ಥ ಆಗಲ್ಲ,” ಎಂದ ದಂತಣ್ಣ. ಚೀಟಿಯ ಮೇಲೆ ಏನೋ ಗುಣಿಸಿ ಭಾಗಿಸಿ ಜೇಬಿಗೆ ಹಾಕಿಕೊಂಡ.

ಸೋಮವಾರ ಕ್ಲಿನಿಕ್ಕಿಗೆ ಒಬ್ಬ ನಿವೃತ್ತ ರೈಲ್ವೆ ಗಾರ್ಡ್ ಬಂದರು. ಮೇಣದ ಸೆಟ್ಟನ್ನು ಬಾಯಿಗಿಟ್ಟು ದಂತಣ್ಣ ಎದುರು ಕೂತ. ಆ ಹುಡುಗಿಯ ಜೋಕು ನಾಲಿಗೆಯ ತುದಿಯಲ್ಲೇ ಇತ್ತು, ಆದರೆ ಪ್ರಾಣ ಹೋದರೂ ಹೇಳಬಾರದೆಂದು ಶಪಥ ಮಾಡಿದ್ದ. ಹಳೆಯ ಸೇತುವೆಯ ಜೋಕನ್ನೇ ಹೇಳಿ, ಇಲ್ಲದ ಕನ್ನಡಕವನ್ನು ತೆಗೆದು ಒರೆಸುವ ಅಭಿನಯವನ್ನೂ ಮಾಡಿದ. ಗಾರ್ಡ್ ಸುಮ್ಮನೆ ಕಣ್ಣು ಮಿಟುಕಿಸಿದರು. ಆಮೇಲೆ ಮೇಣ ತುಂಬಿದ ಬಾಯಲ್ಲೇ, “ಅದಿರಲಿ, ಶನಿವಾರ ಆ ಹೊಸ ಹುಡುಗಿ ಹೇಳಿದ್ದು ಕೇಳಿದ್ರಾ? ದೂರು ಪೆಟ್ಟಿಗೆ...” ಎಂದು ಶುರು ಮಾಡಿದವರು ತಾವೇ ಹೇಳಿ ತಾವೇ ನಕ್ಕರು. ನಕ್ಕ ರಭಸಕ್ಕೆ ಮೇಣದ ಸೆಟ್ಟು ಮೇಲಿನದೂ ಕೆಳಗಿನದೂ ಕಳಚಿ ಅವರ ತೊಡೆಯ ಮೇಲೆ ಬಿತ್ತು. ದಂತಣ್ಣ ಅದನ್ನೆತ್ತಿ ನೀರಿನಲ್ಲಿ ತೊಳೆಯುವಾಗ ತನ್ನ ಹಲ್ಲುಗಳನ್ನೇ ಕಟಕಟ ಕಡಿಯುತ್ತಿದ್ದ.

ಇನ್ನು ಕೈ ಕಟ್ಟಿ ಕೂತರೆ ಆಗದು ಎನಿಸಿತು. ಅವಳಿಗೆ ಆಗುವುದು ತನಗೇಕೆ ಆಗದು? ಎರಡು ದಿನ, ಕ್ಲಿನಿಕ್ಕಿನಲ್ಲಿ ಅಳತೆಗೆಂದು ಎರಕ ಹೊಯ್ದಿಟ್ಟಿದ್ದ ಪ್ಲಾಸ್ಟರಿನ ದವಡೆಗಳ ಮುಂದೆ ನಿಂತು ಅಭ್ಯಾಸ ಮಾಡಿದ. ಶೆಲ್ಫಿನ ಮೇಲೆ ಸಾಲಾಗಿ ಕೂತಿದ್ದ ಮೂವತ್ತು ದವಡೆಗಳೂ ಹಲ್ಲು ಬಿಟ್ಟುಕೊಂಡೇ ಇದ್ದುದರಿಂದ ಧೈರ್ಯ ಬಂತು. ಬುಧವಾರ ಮಧ್ಯಾಹ್ನ ಊಟಕ್ಕೆ ಕೂತಾಗ, ಹೆಂಡತಿ ಎರಡನೇ ತುತ್ತು ಬಾಯಿಗಿಡುವ ಮೊದಲೇ, ಒಂದೇ ಉಸಿರಿನಲ್ಲಿ ಬಿಟ್ಟ: “ನಮ್ಮ ಡಾಕ್ಟ್ರು ಹೊಸ ಕುರ್ಚಿ ತರಿಸಿದ್ರು ಕುರ್ಚಿ ಮೇಲೆ ಹೋಯ್ತು ಕೆಳಗೆ ಬರಲಿಲ್ಲ ಪೇಷಂಟು ಮೇಲೇ ಇದಾರೆ ಡಾಕ್ಟ್ರು ಏಣಿ ತರಿಸಿದಾರೆ!”

ಹೆಂಡತಿ ಅವನನ್ನು ದಿಟ್ಟಿಸಿ ನೋಡಿದಳು. “ಯಾಕ್ರೀ ಇಷ್ಟು ಅವಸರ? ಬಸ್ ಹಿಡಿಯೋದಿದೆಯಾ?”

“ಜೋಕು ಕಣೇ ಅದು!”

“ಓ,” ಎಂದಳು. ಮುಗುಳ್ನಕ್ಕಳು. ತುಟಿ ಬಿಚ್ಚಲಿಲ್ಲ.

ದಂತಣ್ಣನಿಗೆ ತಡೆಯಲಾಗಲಿಲ್ಲ. ತಟ್ಟೆ ಪಕ್ಕಕ್ಕೆ ಸರಿಸಿದ. “ಅವಳು ಹೇಳಿದ್ರೆ ಬಿದ್ದು ಬಿದ್ದು ನಗ್ತೀಯ. ನಾನು ಹೇಳಿದ್ರೆ ಓ ಅಂತೀಯ. ಹನ್ನೊಂದು ವರ್ಷ ಆ ಮನುಷ್ಯ ಬಾಯಿ ಬಿಡೋ ಮೊದಲೇ ನಾನು ಹೇಳಿಲ್ವಾ? ಒಂದು ದಿನ ಹಾಗೆ ನಕ್ಕಿದೀಯಾ?”

ಅವಳು ಕೋಪ ಮಾಡಿಕೊಳ್ಳಲಿಲ್ಲ. ಕೌಂಟರಿನಲ್ಲಿ ಕೂತು ಅಭ್ಯಾಸವಾದ ಸಮಾಧಾನದ ದನಿಯಲ್ಲೇ ಹೇಳಿದಳು: “ಅದೇ ರೀ ಕಷ್ಟ. ನೀವು ಮೊದಲೇ ಹೇಳಿಬಿಡ್ತಿದ್ರಿ. ಅವರು ಹೇಳೋ ಹೊತ್ತಿಗೆ ಅದು ಹಳೇದಾಗಿರ್ತಿತ್ತು. ಹನ್ನೊಂದು ವರ್ಷದಲ್ಲಿ ಒಂದು ಜೋಕನ್ನಾದ್ರೂ ನಾನು ಅವರ ಬಾಯಿಂದ ಪೂರ್ತಿ ಕೇಳ್ಲಿಲ್ಲ. ಈ ಹುಡುಗಿ ನಿಮಗೆ ಸಂದು ಕೊಡಲ್ಲ, ಅದಕ್ಕೇ ನನಗೆ ಕೇಳಿಸುತ್ತೆ.”

ಹೇಳಿ ಅವಳು ಕೈ ತೊಳೆಯಲು ಎದ್ದು ಹೋದಳು. ಅವಳಿಗೆ ಅದು ದೊಡ್ಡ ಮಾತೇ ಆಗಿರಲಿಲ್ಲ, ಸಂಜೆಯ ಹೊತ್ತಿಗೆ ಮರೆತೂಬಿಟ್ಟಳು. ದಂತಣ್ಣ ಮಾತ್ರ ಕೆನ್ನೆಗೆ ಹೊಡೆಸಿಕೊಂಡವನಂತೆ ಕೂತೇ ಇದ್ದ. ತನ್ನ ದೊಡ್ಡ ಸಾಮರ್ಥ್ಯ ಎಂದುಕೊಂಡದ್ದು ಅವಳಿಗೆ ಬರೀ ಅಡ್ಡಿಯಾಗಿತ್ತು ಎನ್ನುವುದನ್ನು ನುಂಗಿಕೊಳ್ಳುವ ಬದಲು, ಮನುಷ್ಯರು ಸಾಮಾನ್ಯವಾಗಿ ಮಾಡುವುದನ್ನೇ ಅವನೂ ಮಾಡಿದ. ಸಿಟ್ಟನ್ನೆಲ್ಲ ಆ ಹುಡುಗಿಯ ತಲೆಗೆ ಕಟ್ಟಿದ.

ಗುರುವಾರ ಬೆಳಗ್ಗೆ ಕ್ಲಿನಿಕ್ಕಿನ ಹಿಂದಿನ ಕೋಣೆಯಲ್ಲಿ ಬಾಗಿಲು ಹಾಕಿಕೊಂಡು ಚಾನೆಲ್‌ಗೆ ಒಂದು ಪತ್ರ ಬರೆದ. ಭಾನುವಾರದ ಚೀಟಿ ಜೇಬಿನಿಂದ ಹೊರಬಂತು. ಬರೆಯುತ್ತಾ ಬರೆಯುತ್ತಾ ಮಾತು ತಾನಾಗಿ ಬಂತು. ಹೊಟ್ಟೆಯೊಳಗಿನ ಉರಿ ಕೈಬರಹಕ್ಕೆ ಒಳ್ಳೆಯ ಬಿಸಿ ಕೊಟ್ಟಿತು. ಕೆಳಗೆ ಹೆಸರು ಹಾಕದೆ ‘ಇಂತಿ ತಮ್ಮ ಹಿತೈಷಿ’ ಎಂದಷ್ಟೇ ಬರೆದು, ಅಂಚೆ ಮಾಮನ ಕಣ್ಣಿಗೆ ಬೀಳಬಾರದೆಂದು ಎರಡು ಬೀದಿ ಆಚೆಯ ಡಬ್ಬಿಗೆ ಹಾಕಿ ಬಂದ. ಹಾಕಿದ ಕೂಡಲೇ ಹಾಯೆನಿಸಿತು. ಮನೆ ತಲುಪುವ ಹೊತ್ತಿಗೆ ನಾಚಿಕೆಯಾಯಿತು. ಆದರೆ ಡಬ್ಬಿಯೊಳಗೆ ಕೈ ಹಾಕಿ ತೆಗೆಯುವ ಹಾಗಿರಲಿಲ್ಲ.

ಆ ಶನಿವಾರ ಅವನು ಬಾಯಿಗೆ ಬೀಗ ಹಾಕಿಕೊಂಡು ಕೂತ. ಟಿವಿಯನ್ನು ನೋಡಲೇ ಇಲ್ಲ, ಹೆಂಡತಿಯನ್ನೇ ಓರೆಗಣ್ಣಿನಿಂದ ನೋಡಿದ. ಹಲ್ಲು ಮೂರು ಸಲ ಕಂಡಿತು. ಮೂರು ಸಲವೂ ಮೈಯೆಲ್ಲ ಉರಿಯಿತು. ಪರಸ್ತ್ರೀಯನ್ನು ನೋಡಿ ಗಂಡ ನಕ್ಕರೆ ಹೆಂಡತಿಗೆ ಆಗುವ ಸಂಕಟ ಊರಿಗೆಲ್ಲ ಗೊತ್ತು. ಪರಸ್ತ್ರೀಯನ್ನು ನೋಡಿ ಹೆಂಡತಿ ನಕ್ಕರೆ ಗಂಡನಿಗೆ ಆಗುವುದನ್ನು ಯಾರ ಹತ್ತಿರ ಹೇಳಿಕೊಳ್ಳುವುದು? ಡಾಕ್ಟರ ಹತ್ತಿರ ಹೇಳೋಣವೆಂದರೆ ಅವರೂ ಆ ಹುಡುಗಿಯ ಅಭಿಮಾನಿಯಾಗಿದ್ದರು.

ಅದರ ಮುಂದಿನ ಶನಿವಾರ ಎಲ್ಲರೂ ಎಂದಿನಂತೆ ಕೂತಿದ್ದರು. ಅಂಚೆ ಮಾಮ ಬೆತ್ತದ ಕುರ್ಚಿಯಲ್ಲಿ, ಕಂಡಕ್ಟರ್ ನೆಲದ ಮೇಲೆ ಗೋಡೆಗೆ ಒರಗಿ, ಹೆಂಡತಿ ಚಹಾ ಹಿಡಿದು ಸೋಫಾದ ತುದಿಯಲ್ಲಿ. ಕಾರ್ಯಕ್ರಮ ಅರ್ಧ ಮುಗಿದಿತ್ತು. ಹುಡುಗಿ ಮೇಜಿನ ಕೆಳಗಿನಿಂದ ಒಂದು ಕಾಗದ ತೆಗೆದಳು.

“ನಾನು ಬಂದಾಗಿನಿಂದ ನೀವೆಲ್ಲ ತುಂಬ ಪತ್ರ ಬರೆದಿದ್ದೀರಿ. ಕೆಲವರು ಹೊಗಳಿದ್ದೀರಿ, ಉಳಿದವರು ನಿಜ ಹೇಳಿದ್ದೀರಿ. ಅದರಲ್ಲಿ ನನಗೆ ತುಂಬ ಇಷ್ಟವಾದದ್ದು ಇದು. ಬರೆದವರು ನನ್ನ ಹಿತೈಷಿ.”

“ಹಿತೈಷಿ ಅಂತ ಸಹಿ ಹಾಕಿದ್ರೆ ಮುಗೀತು,” ಎಂದಳು ಹೆಂಡತಿ. “ನಮ್ಮ ಆಫೀಸಿಗೂ ಬರುತ್ತೆ. ಒಳಗೆ ಬರೀ ಬೈಗುಳ.”

ದಂತಣ್ಣ ರಿಮೋಟಿಗೆ ಕೈ ಚಾಚಿದ. ಅದು ಕಂಡಕ್ಟರನ ತೊಡೆಯ ಮೇಲಿತ್ತು.

ಹುಡುಗಿ ಓದತೊಡಗಿದಳು. “‘ಮಾನ್ಯರೇ, ತಮ್ಮ ಮೇಲಿನ ಮುಂಹಲ್ಲುಗಳ ನಡುವೆ ಎರಡೂವರೆ ಮಿಲಿಮೀಟರ್ ಅಂತರವಿರುವುದನ್ನು ಭಾನುವಾರದ ಮರುಪ್ರಸಾರದಲ್ಲಿ ಅಳೆದು ಖಚಿತಪಡಿಸಿಕೊಂಡಿದ್ದೇನೆ.’” ಸ್ಟುಡಿಯೋದಲ್ಲಿ ನಗೆ ಎದ್ದಿತು. ಕಂಡಕ್ಟರ್ ಗೋಡೆ ಬಿಟ್ಟು ಮುಂದೆ ಬಾಗಿದ. “‘ಇದರಿಂದಾಗಿ ತಾವು ಸುದ್ದಿ ಎನ್ನುವಾಗ ಮೊದಲು ಗಾಳಿ ಬರುತ್ತದೆ, ಸುದ್ದಿ ಆಮೇಲೆ ಬರುತ್ತದೆ. ಹಿಂದಿನವರ ಹಲ್ಲು ಕಟ್ಟಿಸಿದ್ದಾಗಿತ್ತು, ಆದರೆ ನಗು ಸ್ವಂತದ್ದಾಗಿತ್ತು. ತಮ್ಮದು ಎರಡೂ ಸ್ವಂತದ್ದಾದ್ದರಿಂದ ರಿಪೇರಿ ಕಷ್ಟ.’”

ಹೆಂಡತಿ ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದಳು. “ಯಾರೋ ಪುಣ್ಯಾತ್ಮ! ಅಳೆದಿದಾನಂತೆ!” ಎಂದಳು. ಅಂಚೆ ಮಾಮ ಕಣ್ಣೊರೆಸಿಕೊಂಡರು. ದಂತಣ್ಣ ಬೆವರುತ್ತಲೇ ಒಂದು ಸಂಗತಿ ಗಮನಿಸಿದ. ಇವರು ನಗುತ್ತಿರುವುದು ತನ್ನ ಮಾತಿಗೆ. ಅಕ್ಷರಕ್ಷರವೂ ತನ್ನದು. ಆದರೆ ಎಲ್ಲರ ಕಣ್ಣೂ ಟಿವಿಯ ಮೇಲಿತ್ತು, ನಗುವೆಲ್ಲ ಅವಳ ಲೆಕ್ಕಕ್ಕೆ ಹೋಗುತ್ತಿತ್ತು. ಸಿಕ್ಕಿಬೀಳುವ ಭಯ ಒಂದು ಕಡೆ, ತನ್ನ ಸ್ವತ್ತನ್ನು ಕಣ್ಣೆದುರೇ ಬೇರೆಯವರು ಹೊತ್ತೊಯ್ಯುತ್ತಿರುವ ಸಂಕಟ ಇನ್ನೊಂದು ಕಡೆ.

“‘ಕೊನೆಯದಾಗಿ ಒಂದು ಮಾತು,’” ಎಂದು ಹುಡುಗಿ ಮುಂದುವರಿಸಿದಳು. “‘ಮಾತಿನ ನಡುವೆ ತಾವು ಎಲ್ಲಿಯೂ ಜಾಗ ಬಿಡುವುದಿಲ್ಲ.’”

ಅಲ್ಲಿಗೆ ಅವಳಿಗೆ ನಗು ತಡೆಯಲಾಗಲಿಲ್ಲ. ಮುಂದಿನ ಸಾಲಿನ ಮೇಲೆ ಕಣ್ಣು ಹೋಗಿತ್ತೇನೋ, ಕಾಗದವನ್ನು ಮುಖಕ್ಕೆ ಅಡ್ಡ ಹಿಡಿದು ಭುಜ ಕುಣಿಸಿದಳು. ಬಂದಾಗಿನಿಂದ ಮೊದಲ ಸಲ ಅವಳು ಸುಮ್ಮನಾಗಿದ್ದಳು. ಒಬ್ಬ ಮನುಷ್ಯ ಕನ್ನಡಕ ತೆಗೆದು ಒರೆಸಿ ಹಾಕಿಕೊಳ್ಳುವಷ್ಟು ಹೊತ್ತು.

ಹನ್ನೊಂದು ವರ್ಷದ ಅಭ್ಯಾಸ ದಂತಣ್ಣನನ್ನು ಕೇಳಿ ಬಾಯಿ ತೆರೆಯಲಿಲ್ಲ.

“ಇರುವ ಜಾಗವನ್ನೆಲ್ಲ ಹಲ್ಲಿನ ನಡುವೆಯೇ ಬಿಟ್ಟುಕೊಂಡಿದ್ದೀರಿ!” ಎಂದ, ಗಟ್ಟಿಯಾಗಿ, ಕುರ್ಚಿಯ ಕೈ ತಟ್ಟಿ.

ಹುಡುಗಿ ಕಾಗದ ಇಳಿಸಿ ಓದಿದಳು. “‘ಇರುವ ಜಾಗವನ್ನೆಲ್ಲ ಹಲ್ಲಿನ ನಡುವೆಯೇ ಬಿಟ್ಟುಕೊಂಡಿದ್ದೀರಿ.’”

ಸ್ಟುಡಿಯೋದಲ್ಲಿ ಚಪ್ಪಾಳೆ ಬಿತ್ತು. ಮನೆಯಲ್ಲಿ ಯಾರೂ ನಗಲಿಲ್ಲ. ಮೂರು ತಲೆಗಳು ಟಿವಿಯಿಂದ ಅವನ ಕಡೆ ತಿರುಗಿದವು.

“ಭಾವ,” ಎಂದ ಕಂಡಕ್ಟರ್. “ಇದು ನಿಮಗೆ ಹೇಗೆ ಗೊತ್ತಾಯ್ತು?”

“ಊಹೆ ಇರಬೇಕು,” ಎಂದರು ಅಂಚೆ ಮಾಮ, ಪಾಪ, ಅವನಿಗೊಂದು ದಾರಿ ಮಾಡಿಕೊಡುವವರಂತೆ. “ಆದರೂ ಒಂದಕ್ಷರ ಹೆಚ್ಚು ಕಡಿಮೆ ಆಗಲಿಲ್ಲ ನೋಡು. ಹನ್ನೊಂದು ವರ್ಷದಲ್ಲಿ ಇದೇ ಮೊದಲು.”

ಹೌದು, ಊಹೆ ಎಂದಿದ್ದರೆ ಸಾಕಿತ್ತು. ಮಾತು ಅಲ್ಲಿಗೆ ಮುಗಿಯುತ್ತಿತ್ತು, ಮೇಲಾಗಿ ಶಹಬ್ಬಾಸ್ ಬೇರೆ ಸಿಗುತ್ತಿತ್ತು. ಆದರೆ ಆಗ ಆ ನಗು ಟಿವಿಯವಳ ಪಾಲಿಗೇ ಉಳಿದುಬಿಡುತ್ತಿತ್ತು. ಮರ್ಯಾದೆ ಹೋದರೂ ಚಿಂತೆಯಿಲ್ಲ, ಅದೊಂದನ್ನು ಅವಳಿಗೆ ಬಿಟ್ಟುಕೊಡಲು ದಂತಣ್ಣನಿಂದ ಆಗಲಿಲ್ಲ.

“ಅದು ಅವಳದ್ದಲ್ಲ!” ಎಂದು ಹೆಂಡತಿಯ ಕಡೆ ತಿರುಗಿ ಕೂಗಿದ. “ನೀನು ನಕ್ಕಿದ್ದು ನನ್ನ ಮಾತಿಗೆ. ನಾನೇ ಬರೆದಿದ್ದು. ಅವಳು ಬರೀ ಓದಿದಳು ಅಷ್ಟೇ.”

ಹೆಂಡತಿ ಲೋಟ ಕೆಳಗಿಟ್ಟಳು. ಅವನನ್ನು ನೋಡಿದಳು. ಟಿವಿಯನ್ನು ನೋಡಿದಳು. ಮತ್ತೆ ಅವನನ್ನು ನೋಡಿದಳು. ಬೈಯುತ್ತಾಳೆ ಎಂದು ದಂತಣ್ಣ ತಲೆ ತಗ್ಗಿಸಿದ.

“ಕ್ಯಾಲಿಪರ್,” ಎಂದಳು ಅವಳು, ಮೆಲ್ಲಗೆ. “ಅಯ್ಯೋ ದೇವರೇ, ಕ್ಯಾಲಿಪರ್! ಅವತ್ತು ಮೊಣಕಾಲೂರಿ...” ಅಷ್ಟೇ ಹೇಳಲಾದದ್ದು. ಅವಳು ಸೋಫಾದ ಮೇಲೆ ಒರಗಿಬಿಟ್ಟಳು. ಮೊದಲು ಸದ್ದೇ ಬರಲಿಲ್ಲ, ಆಮೇಲೆ ಬಂದದ್ದು ನಿಲ್ಲಲಿಲ್ಲ. ಕಣ್ಣಲ್ಲಿ ನೀರು, ಕೈ ಪಕ್ಕೆಯ ಮೇಲೆ. “ಹೊಟ್ಟೆಕಿಚ್ಚನ್ನೂ ಅಳತೆ ತಗೊಂಡು ಬರೆದಿದೀರಲ್ಲ ರೀ!” ಎಂದು ಹೇಗೋ ಹೇಳಿ ಮತ್ತೆ ನಕ್ಕಳು. ಟಿವಿಯಲ್ಲಿ ಹುಡುಗಿ ಮುಂದಿನ ಜೋಕು ಹೇಳುತ್ತಿದ್ದಳು. ಅದು ಯಾರಿಗೂ ಕೇಳಿಸಲಿಲ್ಲ.

ದಂತಣ್ಣ ನೋಡುತ್ತಿದ್ದ. ಹಲ್ಲು ಕಂಡಿತು. ಈ ಸಲ ಮಿಂಚಿ ಮರೆಯಾಗಲಿಲ್ಲ, ಕಾಣುತ್ತಲೇ ಇತ್ತು. ಇವಳು ನಗುತ್ತಿರುವುದು ತನ್ನ ಜೋಕಿಗಲ್ಲ, ತನ್ನನ್ನೇ ನೋಡಿ ಎಂದು ಅವನಿಗೆ ಗೊತ್ತಿತ್ತು. ಆದರೂ ಹದಿನೈದು ದಿನದ ಉರಿ ಸ್ವಲ್ಪ ತಣ್ಣಗಾಯಿತು. ಆಮೇಲೆ ಕಸುಬಿನವನ ಕಣ್ಣು ಕೆಲಸ ಮಾಡಿತು. ಅಕ್ಕಪಕ್ಕದ ಹಲ್ಲುಗಳಿಗಿಂತ ಆ ಹಲ್ಲು ಒಂದು ಪಾಲು ಹೆಚ್ಚು ಬೆಳ್ಳಗಿತ್ತು. ತನ್ನ ಹೆಂಡತಿಯ ಹಲ್ಲಿಗೇ ಬಣ್ಣ ಹೊಂದಿಸುವುದರಲ್ಲಿ ಅವನು ತಪ್ಪಿದ್ದ.

“ಬಣ್ಣ ಹೊಂದಿಲ್ಲ,” ಎಂದ. “ಬೇರೆ ಮಾಡಿಕೊಡ್ತೀನಿ.”

ಅವಳು ಸೆರಗಿನಿಂದ ಕಣ್ಣೊರೆಸಿಕೊಂಡಳು. ನಗು ಇನ್ನೂ ಪೂರ್ತಿ ಇಳಿದಿರಲಿಲ್ಲ. “ಎರಡು ವರ್ಷ ಆಯ್ತು ಹಾಕಿಸಿ. ಈಗ ನೋಡಿದ್ರಾ?”

ದಂತಣ್ಣ ಅವಳು ಕೆಳಗಿಟ್ಟ ಲೋಟವನ್ನೆತ್ತಿ ಬದಿಗಿಟ್ಟ.

“ಮೊದಲು ಆ ಹುಡುಗಿಗೆ ತಪ್ಪಾಯ್ತು ಅಂತ ಬರೀರಿ,” ಎಂದಳು. “ಹೆಸರು ಹಾಕಿ ಬರೀರಿ. ಹಲ್ಲು ಆಮೇಲೆ.” ಹೇಳಿ ಒಂದು ಕ್ಷಣ ಸುಮ್ಮನಾದಳು.

ದಂತಣ್ಣನಿಗೆ ಮುಂದಿನ ಮಾತು ಏನಿರಬಹುದೆಂದು ಹೊಳೆಯಿತು. ಬಾಯಿ ಕೂಡ ತೆರೆದ. ಆಮೇಲೆ ಮುಚ್ಚಿಕೊಂಡು, ಅವಳು ಹೇಳಲಿ ಎಂದು ಕಾದು ಕೂತ.

ಅವಳಿಗೆ ಹೇಳುವುದು ಇನ್ನೂ ಬಹಳ ಇತ್ತು.